ದುಂಡವ್ವನ ಮನೆಯ ಗೊಟ್ಟ

ನಾನು ಒಂದು ಗೊಟ್ಟ, ದನಗಳ ಬಾಯಿಗೆ ಔಷಧ ಹೊಯ್ಯುವ ಬಿದಿರಿನ ಕೊಳವೆ. ಮೇದಾರ ಯಲ್ಲಪ್ಪ ಗೆಣ್ಣು ನೋಡಿ ನನ್ನನ್ನು ಕೊಯ್ದ. ಬಾಯಿಯನ್ನು ಓರೆಯಾಗಿ ಕೆತ್ತಿ, ಸಿಬಿರು ಚುಚ್ಚದಂತೆ ಒಂದು ಹಗಲೆಲ್ಲ ಉಜ್ಜಿದ. ಆ ನುಣುಪಿನ ಸೊಕ್ಕು ನನಗೆ ಇನ್ನೂ ಇದೆ.

ಮೊದಲು ದುಂಡವ್ವನ ಅತ್ತೆಯ ಕೈಯಲ್ಲಿದ್ದೆ, ಆಮೇಲೆ ದುಂಡವ್ವನ ಕೈಗೆ ಬಂದೆ. ಓಣಿಯಲ್ಲಿ ಯಾವ ಎಮ್ಮೆಗೆ ಹೊಟ್ಟೆ ಉಬ್ಬಿದರೂ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ನಾನೇ ವೈದ್ಯೆಯೆಂದು ಬೀಗುತ್ತಿದ್ದೆ.

ದುಂಡವ್ವನ ಎಮ್ಮೆ ಹಾಕಿದ ಎರಡು ಕರುಗಳು ಒಂದರ ಹಿಂದೊಂದು, ತಿಂಗಳು ತುಂಬುವ ಮೊದಲೇ ಹೊಟ್ಟೆ ಉಬ್ಬಿ, ಭೇದಿ ಹತ್ತಿ ಸತ್ತವು. ನನ್ನಿಂದ ಬೇವಿನ ಕಷಾಯ ಕುಡಿಸಿದ್ದೇ ಕುಡಿಸಿದ್ದು, ಗುಣವಾಗಲಿಲ್ಲ. ಪಕ್ಕದ ಮನೆಯ ಬಾಳವ್ವ ಎರಡು ಸಲವೂ "ಕರಾ ಭಾಳ ಚಂದ ಐತಿ" ಎಂದಿದ್ದಳು. ಅವಳ ಕಣ್ಣೇ ತಾಗಿತೆಂದು ದುಂಡವ್ವ ಮಾತು ಬಿಟ್ಟಳು. ತಪ್ಪು ನನ್ನ ಮೇಲೆ ಬರಲಿಲ್ಲವಲ್ಲ ಎಂದು ನಾನು ಹಾಯಾಗಿದ್ದೆ.

ಕಣ್ಣು ತಾಗದಿರಲೆಂದು ಕೊರಳಿಗೆ ಕರಿದಾರ ಕಟ್ಟಿದ್ದರೂ ಮೂರನೆಯ ಕರುವೂ ಹದಿನೆಂಟನೆಯ ದಿನಕ್ಕೆ ಮಂಕಾಯಿತು. ಈ ಸಲ ದನದ ಡಾಕ್ಟರಮ್ಮ ಬಂದಳು.

"ಕಣ್ಣೂ ಅಲ್ಲ ಏನೂ ಅಲ್ರಿ ಯವ್ವಾ, ಜಂತುಹುಳ. ತಾಯಿ ಹಾಲಿನಾಗ ಕರಕ್ಕ ಬರ್ತಾವ. ಸಾಲಿ ಹುಡುಗರಿಗೆ ಗುಳಿಗಿ ಕೊಡ್ತಾರಲ್ಲ, ಹಂಗ ಇದಕ್ಕೂ ಔಷಧ ಹಾಕಬೇಕು."

ದುಂಡವ್ವ ನನ್ನತ್ತ ಕೈ ಚಾಚಿದಳು.

"ಅದು ಬ್ಯಾಡ್ರಿ. ಅದರಾಗ ಅಳತಿ ತಿಳಿಯಂಗಿಲ್ಲ."

ಡಾಕ್ಟರಮ್ಮ ಚೀಲದಿಂದ ತೆಗೆದದ್ದು ಒಂದು ಪ್ಲಾಸ್ಟಿಕ್ ಸಿರಿಂಜು. ಮೈತುಂಬ ಗೆರೆ, ಮುಂದೆ ಸೂಜಿಯೂ ಇಲ್ಲ. ಇಂಥ ಬೋಡುಬಾಯಿಯವಳಿಗೆ ನನ್ನ ಜಾಗ! ಹೊಟ್ಟೆಕಿಚ್ಚಿನಿಂದ ಬೆಂದುಹೋದೆ. ಸುಳ್ಳೇಕೆ ಹೇಳಲಿ, ಕರು ಸತ್ತರೆ ಸಾಯಲಿ ಎಂದುಕೊಂಡೆ.

ಮರುದಿನ ಸಗಣಿಯಲ್ಲಿ ಬೆಂದ ಶಾವಿಗೆಯಂಥ ಬಿಳಿ ಹುಳುಗಳ ಮುದ್ದೆ ಬಿತ್ತು. ನಾಲ್ಕು ದಿನದಲ್ಲಿ ಕರು ಕಾಲು ಝಾಡಿಸಿ ಮೊಲೆಗೆ ಬಾಯಿ ಹಾಕಿತು. ದುಂಡವ್ವ ಕರುವಿನ ಕೊರಳಿನ ಕರಿದಾರ ಕಿತ್ತೆಸೆದಳು. ಡಾಕ್ಟರಮ್ಮನಿಂದ ಇನ್ನೊಂದು ಶೀಶೆ ತಂದು, ಅವಳು ಬಿಟ್ಟುಹೋಗಿದ್ದ ಸಿರಿಂಜು ಹಿಡಿದು ಬಾಳವ್ವನ ಅಂಗಳಕ್ಕೆ ಹೋದಳು. ಅಲ್ಲಿಯೂ ಎಮ್ಮೆ ಈದಿತ್ತು. ಗೋಡೆಯಾಚೆಯಿಂದ ಮಾತು ಕೇಳಿಸಿತು.

"ತಪ್ಪಾತು ಬಾಳವ್ವಾ. ಕರದ ಬಾಯಿ ಹಿಡಿ, ನಾ ಔಷಧ ಹಾಕ್ತೀನಿ."

"ಎರಡು ವರ್ಷ ಆತಲ್ಲ ನೀ ಈ ಅಂಗಳ ತುಳದು," ಎಂದಳು ಬಾಳವ್ವ. "ತಡಿ, ಮದ್ಲ ಚಾ ಇಡ್ತೀನಿ."

ಈಗ ನನಗೆ ಮುಪ್ಪು, ತುಟಿ ಸೀಳಿದೆ. ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತೇನೆ. ದುಂಡವ್ವ ಸಿರಿಂಜನ್ನು ತೊಳೆದು ನನ್ನೊಳಗೇ ನಿಲ್ಲಿಸುತ್ತಾಳೆ. ಸವತಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಓಣಿಯವರು ಅದನ್ನು ಒಯ್ಯುತ್ತಾರೆ, ಕರುಗಳು ಬದುಕುತ್ತವೆ. ಅದು ಮರಳಿ ಬಂದು ಕೂತಾಗ ಈಗಲೂ ಉರಿಯುತ್ತದೆ. ಆದರೂ ಬೀಳದಂತೆ ಹಿಡಿದುಕೊಳ್ಳುತ್ತೇನೆ.