ಸ್ಟೋರಿನ ಕುರ್ಚಿ

"ನಿಮ್ಮ ತಲೆನೋವು ಸುಳ್ಳು ಅಂತ ಯಾರೂ ಹೇಳ್ತಿಲ್ಲಮ್ಮ," ಎಂದರು ಮೆಡಿಕಲ್ ಬೋರ್ಡಿನ ಹಿರಿಯ ಡಾಕ್ಟರು. "ನಿಜ ಅಂತ ಒಪ್ಕೊಂಡಿದ್ದಕ್ಕೇ ಸೇನೆಯಿಂದ ಬಿಡುಗಡೆ ಮಾಡೋ ಈ ತೀರ್ಮಾನ."

ಕೂತುಕೊಳ್ಳಿ ಎಂದರೂ ಅವಳು ಕೂತಿರಲಿಲ್ಲ. "ಇನ್ನು ಹತ್ತು ತಿಂಗಳು ಸರ್. ಅಷ್ಟು ತಳ್ಳಿದ್ರೆ ಪಿಂಚಣಿ ಸಿಗುತ್ತೆ."

"ವೈರ್‌ಲೆಸ್‌ನಲ್ಲಿ ಒಂದು ಅಂಕಿ ತಪ್ಪಾಗಿ ಕೇಳಿಸಿದ್ರೆ ಗುಂಡು ಎಲ್ಲಿ ಬೀಳುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಹೋದ ತಿಂಗಳ ತಾಲೀಮಿನಲ್ಲಿ ಎಡಗಣ್ಣಿನ ಹಿಂದೆ ಸುತ್ತಿಗೆಯ ಏಟು ಶುರುವಾಗಿ, ಹೆಡ್‌ಫೋನು ಕಿತ್ತೆಸೆದು, ಟ್ರಕ್ಕಿನ ಮರೆಯಲ್ಲಿ ವಾಂತಿ ಮಾಡಿಕೊಂಡವಳು ಅವಳೇ. ಅಲ್ಲಿಯವರೆಗೆ ವರ್ಷಗಟ್ಟಲೆ ಮಾತ್ರೆ ನುಂಗಿ, ತುಟಿ ಕಚ್ಚಿ, ಹೇಗೋ ಮುಚ್ಚಿಟ್ಟುಕೊಂಡು ಬಂದಿದ್ದಳು.

ಹೊರಗೆ ಗಂಡ ಬೈಕಿಗೆ ಒರಗಿ, ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು, ಉರಿಬಿಸಿಲಿಗೆ ಮುಖವೊಡ್ಡಿ ನಿಂತಿದ್ದ. ಕಣ್ಣು ಕಿರಿದು ಮಾಡುವ ಗೋಜೂ ಅವನಿಗಿರಲಿಲ್ಲ. ಅದನ್ನು ನೋಡಿಯೇ ಅವಳ ಹೊಟ್ಟೆಯಲ್ಲಿ ಕಿಚ್ಚೆದ್ದಿತು.

ಇಬ್ಬರೂ ಸೇನೆಗೆ ಸೇರಿದ್ದು ಒಂದೇ ದಿನ. ಗದ್ದಲದ ನಡುವೆಯೂ ಪಿಸುಮಾತು ಹೆಕ್ಕುತ್ತಾಳೆಂದು ತರಬೇತಿಯಲ್ಲಿ ಅವಳಿಗೆ 'ಕಿವಿ' ಎಂದು ಹೆಸರಿಟ್ಟಿದ್ದರು. ಅವನು 'ಗುಂಡುಕಲ್ಲು'. ಜ್ವರ ಬಂದದ್ದಿಲ್ಲ, ಹಲ್ಲುನೋವು ಕಂಡದ್ದಿಲ್ಲ, ಪಾಠ ತಲೆಗೆ ಹತ್ತಿದ್ದೂ ಅಷ್ಟಕ್ಕಷ್ಟೆ. ಸಂಜೆ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಸಂಕೇತಗಳನ್ನೆಲ್ಲ ಹೇಳಿಕೊಟ್ಟವಳು ಅವಳು. ಹಾಗೆ ಕೂತು ಕೂತೇ ಮದುವೆಯೂ ಆಯಿತು. ಈಗ ಮುಂದಿನ ವಾರ ಅವನ ತೋಳಿಗೆ ಬಡ್ತಿಯ ಇನ್ನೊಂದು ಪಟ್ಟಿ ಬರುವುದಿತ್ತು.

"ಏನಂದ್ರು?" ಎಂದು ಕೇಳಿದ.

"ಮನೆಗೆ ಹೋಗು ಅಂದ್ರು."

ಅವನು ಟೋಪಿ ತಲೆಗಿಟ್ಟುಕೊಂಡು, "ಬೈಕು ಹತ್ತು, ಬಿಸಿಲಿದೆ," ಎಂದು ಬೈಕು ಚಾಲೂ ಮಾಡಿದ.

ಮನೆಯಲ್ಲಿ ಅತ್ತೆ ಸುದ್ದಿ ಕೇಳಿ ಮೂಗಿನ ಮೇಲೆ ಬೆರಳಿಟ್ಟರು. "ತಲೆನೋವು ಅಂತ ಯಾರಾದ್ರೂ ಕೆಲಸದಿಂದ ತೆಗೀತಾರೇನೇ? ನಂಗೂ ಬರುತ್ತಪ್ಪ. ಒಂದು ಲೋಟ ಬಿಸಿ ಕಾಫಿ ಕುಡಿದ್ರೆ ಆಯ್ತು."

"ಡಾಕ್ಟ್ರಿಗೆ ಹೇಳ್ತೀನಿ ಅತ್ತೆ," ಎಂದಳು ಸೊಸೆ.

ಮರುದಿನ ಸಾಮಾನು ಒಪ್ಪಿಸಲು ಯೂನಿಟ್ಟಿಗೆ ಹೋದಾಗ ಆಫೀಸಿನ ಗುಮಾಸ್ತ ಅವಳನ್ನು ಬದಿಗೆ ಕರೆದ. "ಅಕ್ಕಾ, ಬಿಡಿಭಾಗಗಳ ಸ್ಟೋರಿನಲ್ಲಿ ಒಂದು ಕುರ್ಚಿ ಖಾಲಿಯಿದೆ. ತಣ್ಣಗಿರೋ ಕತ್ತಲೆ ಕೋಣೆ, ಗದ್ದಲ ಇಲ್ಲ. ಅದಕ್ಕೆ ಮೆಡಿಕಲ್ ಅಡ್ಡ ಬರಲ್ಲ. ನಿಮ್ಮನ್ನ ಅಲ್ಲಿ ಹಾಕಿದ್ರೆ ಹತ್ತು ತಿಂಗಳು ಕಳೆದುಹೋಗ್ತಿತ್ತು."

"ಮತ್ತೆ?"

ಗುಮಾಸ್ತ ಕತ್ತು ಕೆರೆದುಕೊಂಡ. "ಅದು ನಿಮ್ಮನೆಯವರಿಗೆ ಅಂತ ಆಗಿದೆ. ಬಡ್ತಿ ಅಲ್ಲಿಗೇ. ಅವರು ಬೇಡ ಅಂದ್ರೆ ಮಾತ್ರ…"

ಅವಳು ಗಂಡನನ್ನು ಕೇಳಲಿಲ್ಲ. ಕೇಳಿ ಪಡೆಯುವುದು ಬೇಡವಾಗಿತ್ತು. ಅವನ ಬಾಯಿಂದ ತಾನಾಗಿ ಬರಲಿ ಎಂದು ಕಾದಳು. ಅವನು ಎಂದಿನಂತೆ ತಟ್ಟೆ ತುಂಬ ಉಂಡ, ಎಂದಿನಂತೆ ಶಿಳ್ಳೆ ಹಾಕುತ್ತ ಬೂಟು ಉಜ್ಜಿದ. ಅವನ ಹಸಿವು, ಶಿಳ್ಳೆ, ರೇಡಿಯೋವನ್ನು ಜೋರಾಗಿ ಹಾಕಿಕೊಂಡು ಅದರ ಪಕ್ಕದಲ್ಲೇ ಗೊರಕೆ ಹೊಡೆಯುವುದು, ಒಂದೊಂದೂ ಅವಳಿಗೆ ತನ್ನಿಂದ ಕಿತ್ತುಕೊಂಡು ಅವನಿಗೆ ಕೊಟ್ಟದ್ದೆನ್ನಿಸತೊಡಗಿತು. ಇವನ ತಲೆಯೂ ಒಮ್ಮೆ ಸಿಡಿಯಬಾರದೆ ಎಂದುಕೊಂಡಳು. ಅಂದುಕೊಂಡದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಅವನ ಅಂಗಿಗೆ ಹೊಸ ಪಟ್ಟಿ ಹೊಲಿದವಳೂ ಅವಳೇ. ಸೊಟ್ಟಗೆ ಹೊಲಿಯಬೇಕೆನ್ನಿಸಿತು, ಅಷ್ಟು ವರ್ಷಗಳ ಶಿಸ್ತಿನ ಕೈ ಕೇಳಲಿಲ್ಲ.

ಸಮಾರಂಭಕ್ಕೆ ಅತ್ತೆ ಹೋದರು, ಅವಳು ಹೋಗಲಿಲ್ಲ. ಮಧ್ಯಾಹ್ನ ಅವನು ಒಬ್ಬನೇ ಗೋಡೆ ಹಿಡಿದುಕೊಂಡು ಒಳಗೆ ಬಂದ. ಅಮ್ಮ ಊಟಕ್ಕೆ ಅಲ್ಲೇ ಉಳಿದಿದ್ದಾರೆ ಎಂದ. ಬಿಸಿಲಿನಲ್ಲಿ ಮೂರು ಗಂಟೆ ನಿಂತು, ಬ್ಯಾಂಡಿನ ಡೋಲು ಪಕ್ಕದಲ್ಲೇ ಬಡಿದು, ಅವನ ಮುಖ ಬೂದಿಯಂತಾಗಿತ್ತು.

"ತಲೆ ಒಡೀತಿದೆ ಕಣೇ."

ಅವಳು ಅವನನ್ನು ಮಂಚದ ಮೇಲೆ ಮಲಗಿಸಿ ಕಿಟಕಿ ಮುಚ್ಚಿದಳು, ಒದ್ದೆ ಬಟ್ಟೆ ತಂದು ಹಣೆಗೆ ಹಾಕಿದಳು. ಕೈ ಮೃದುವಾಗಿಯೇ ಆಡುತ್ತಿತ್ತು. ಒಳಗೆ ಹಬ್ಬದಂಥ ಸಡಗರ. ನರಳು, ಎಂದಿತು ಮನಸ್ಸು.

"ನಿಂಗೆ ಹೀಗೇ ಆಗೋದಾ?"

"ಇದಲ್ಲ, ಇದರ ಅಪ್ಪನಂಥದು."

"ಪಾಪ," ಎಂದ ಅವನು, ಕಣ್ಣು ಮುಚ್ಚಿಕೊಂಡು. "ಇದನ್ನಿಟ್ಕೊಂಡು ಅಷ್ಟು ವರ್ಷ ಹೇಗೆ ಕೆಲಸ ಮಾಡಿದ್ಯೋ."

ಅರ್ಧ ಗಂಟೆ ಕಳೆದಿರಬೇಕು. ಅವನು ಎದ್ದು ಕೂತು ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿ ನೋಡಿದ. "ಅರೆ, ಹೋಯ್ತು. ಊಟಕ್ಕೇನಿದೆ?"

ಅವಳು ಅನ್ನ ಬಡಿಸಿ ಎದುರಿಗೆ ಕೂತಳು. ಅವನು ಎರಡು ತುತ್ತು ತಿಂದಮೇಲೆ ಕೇಳಿಯೇಬಿಟ್ಟಳು. "ಸ್ಟೋರಿನ ಕುರ್ಚಿ ನಂಗೂ ಆಗ್ತಿತ್ತು ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ತೀಯ ಅಂತ ದಿನಾ ಹೆದರ್ತಿದ್ದೆ."

"ಕೇಳಿದ್ರೆ ಬಿಡ್ತಿದ್ಯಾ?"

ಅವನು ತಲೆ ತಗ್ಗಿಸಿ ಅನ್ನ ಕಲಸಿದ. "ಮೊದಲನೇ ಸಲ ನಿನಗಿಂತ ಒಂದು ಮೆಟ್ಟಿಲು ಮೇಲೆ ನಿಂತಿದ್ದೆ ಕಣೇ," ಎಂದ.

ಅವಳು ಅವನನ್ನು ನೋಡಿದಳು. ಒಂದು ಮೆಟ್ಟಿಲು ಕೆಳಗೆ ನಿಲ್ಲುವ ಉರಿ ಎಂಥದೆಂದು ಈ ವಾರವಿಡೀ ಅವಳೂ ಕಂಡಿದ್ದಳು.

ಇನ್ನಷ್ಟು ಅನ್ನ ಬಡಿಸಿ ಅವಳು ಕೋಣೆಗೆ ಹೋದಳು. ಮಂಚದ ಮೇಲೆ ಅವನು ಮಲಗಿದ್ದ ಜಾಗ ಇನ್ನೂ ಬೆಚ್ಚಗಿತ್ತು, ದಿಂಬಿನಲ್ಲಿ ಅವನ ತಲೆಯ ಗುಳಿ ಹಾಗೇ ಇತ್ತು. ಅವಳು ಅದರೊಳಗೆ ತಲೆಯಿಟ್ಟು ಮಲಗಿ, ಹೊರಗೆ ಅವನು ತಟ್ಟೆ ತೊಳೆಯುವ ಸದ್ದು ಕೇಳಿಸಿಕೊಳ್ಳುತ್ತಿದ್ದಳು.