ಬಡಗಣ ಅಟ್ಟಣಿಗೆ

"ಮತ್ತೆ ನೀನೇ ಮುಂದೆ ಓಡಿದೆ, ಕಿಲಿಯಾನ್," ಎಂದು ಕಟುಕ ಯೋಬ್ಸ್ಟ್ ಮೊಣಕೈಯಿಂದ ತಿವಿದ. "ಮನೇಲಿ ಒಲೆ ಮೇಲೆ ಏನಾದ್ರೂ ಇಟ್ಟು ಬಂದಿದ್ದೀಯೇನಪ್ಪ?"

ಚರ್ಚಿನ ಬಡಗಣ ಅಟ್ಟಣಿಗೆಯಲ್ಲಿ ನಿಂತಿದ್ದ ಹಾಡುಗಾರರೆಲ್ಲ ನಕ್ಕರು. ಕಿಲಿಯಾನನೂ ನಕ್ಕ. ಮಾತು ಅರ್ಧ ಕಿವಿಗೆ ಬಿದ್ದಿತ್ತು, ಉಳಿದದ್ದನ್ನು ತುಟಿ ನೋಡಿ ತಿಳಿದುಕೊಂಡಿದ್ದ. ಎಲ್ಬೆ ನದಿ ದಂಡೆಯ ಬಿಯರ್ ಭಟ್ಟಿಗಳಿಗೆಲ್ಲ ತಾಮ್ರದ ಹಂಡೆ ಬಡಿದುಕೊಟ್ಟವನು ಅವನು. ಬಡಿಬಡಿದು ಕಿವಿ ಮಂದವಾಗಿತ್ತು. ಪಕ್ಕದವನ ದನಿ ಕೇಳಿಸುತ್ತಿತ್ತು. ಅದರಾಚೆಯದೆಲ್ಲ ಕಂಬಳಿ ಹೊದಿಸಿದ ಹಾಗೆ. ಹೆಂಡತಿ ಊರ್ಸುಲಾಳನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಊರ ಹಾಡುಕೂಟದಿಂದ ಇಳಿದು ಕೆಳಗಿನ ಬೆಂಚಿನಲ್ಲಿ ಕೂರಬೇಕು. ಅಪ್ಪ ನಿಂತು ಹಾಡಿದ ಜಾಗ ಇದು.

ಈ ಕ್ರಿಸ್‌ಮಸ್‌ಗೆ ಹಾಡು ಕಲಿಸುವ ಮಾಸ್ತರ ಗೆರ್ಲಾಖ್ ವೆನಿಸ್ ಕಡೆಯ ಹೊಸ ರೀತಿ ಹಿಡಿದಿದ್ದ. ಕೂಟವನ್ನು ಎರಡು ಮಾಡಿ ಬಡಗಣ ಅಟ್ಟಣಿಗೆಗೊಂದು, ತೆಂಕಣಕ್ಕೊಂದು. ಒಂದು ಕಡೆಯವರು ದೇವಮಗು ಹುಟ್ಟಿದ ಸುದ್ದಿಯೇನೆಂದು ಹಾಡಿ ಕೇಳಬೇಕು, ಇನ್ನೊಂದು ಕಡೆಯವರು ಹೇಳಬೇಕು, ಕಡೆಗೆ ಎಲ್ಲ ದನಿ ಒಂದಾಗಬೇಕು. ಗೆರ್ಲಾಖ್ ಕೆಳಗೆ ನಡುವೆ ನಿಂತು ಕೈ ಎತ್ತಿ ಇಳಿಸಿ ತಾಳ ಹಾಕುತ್ತಿದ್ದ. ಒಂದಾಗುವ ಜಾಗದಲ್ಲಿ ಮಾತ್ರ ಪ್ರತಿ ಸಲವೂ ಎಲ್ಲ ಕಲಸಿಹೋಗುತ್ತಿತ್ತು, ಎಲ್ಲರೂ ಕಿಲಿಯಾನನ ಕಡೆ ನೋಡುತ್ತಿದ್ದರು.

ಮಾಸ್ತರ ಎರಡು ಸಲ ಅವನ ಹೆಸರು ಕೂಗಿದ. ಯೋಬ್ಸ್ಟ್ ತಿವಿದ ಮೇಲೆಯೇ ಕಿಲಿಯಾನ್ ಕೆಳಗೆ ನೋಡಿದ್ದು. ಮೆಟ್ಟಿಲಿಳಿದು ಹೋಗಿ ಮಾಸ್ತರನೆದುರು ನಿಂತ.

"ಎದುರಿನವರು ಹಾಡೋದು ನಿನಗೆ ಕೇಳ್ಸುತ್ತಾ?" ಗೆರ್ಲಾಖ್ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಕೇಳಿದ.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ದೇವರ ಮನೆಯಲ್ಲಿ ಅದು ಹೊರಡಲಿಲ್ಲ. "ಇಲ್ಲ ಮಾಸ್ತರೇ. ಒಂದು ಚೂರೂ ಕೇಳ್ಸಲ್ಲ. ನಿಮ್ಮ ಕೈ ನೋಡ್ಕೊಂಡು ಹಾಡ್ತೀನಿ. ನನ್ನ ಜಾಗ ಬೇರೆ ಯಾರಿಗಾದ್ರೂ ಕೊಟ್ಬಿಡಿ."

ಗೆರ್ಲಾಖ್ ತಲೆ ಮೇಲೆತ್ತಿದ. "ಯೋಬ್ಸ್ಟ್, ನೀನು ಎದುರಿನವರನ್ನ ಕೇಳ್ಕೊಂಡು ಹಾಡ್ತೀಯಲ್ವಾ?"

"ಮತ್ತೆ? ಕಿವಿ ಇರೋದ್ಯಾಕೆ?"

"ಆ ದನಿ ಇಷ್ಟಗಲ ಚರ್ಚು ದಾಟಿ ನಿನ್ನ ಹತ್ರ ಬರೋ ಹೊತ್ತಿಗೆ ನನ್ನ ಕೈ ಇಳಿದಾಗಿರುತ್ತೆ, ಮಾರಾಯ. ಹಿಂದೆ ಬೀಳ್ತಿರೋರು ನೀವು. ಕೈ ಜೊತೆ ಬರ್ತಿರೋನು ಇವನೊಬ್ನೇ."

ಮುಖ ಮೇಲಕ್ಕಿದ್ದುದರಿಂದ ಕಿಲಿಯಾನನಿಗೆ ತುಟಿ ಕಾಣಲಿಲ್ಲ, ಕಂಡದ್ದು ಮಾಸ್ತರನ ಗಡ್ಡ ಅಲುಗಾಡಿದ್ದು, ಮೇಲಿನವರು ತನ್ನತ್ತ ಬಗ್ಗಿ ನೋಡಿದ್ದು. ಮುಗಿಯಿತು ಎಂದುಕೊಂಡು ಟೋಪಿಗಾಗಿ ತಡಕಾಡಿದ.

ಗೆರ್ಲಾಖ್ ಅವನ ತೋಳು ಹಿಡಿದು ತನ್ನತ್ತ ತಿರುಗಿಸಿಕೊಂಡ. "ಮುಂದಿನ ಸಾಲಲ್ಲಿ ನಿಲ್ಲು. ಯೋಬ್ಸ್ಟನ ಹೆಗಲ ಮೇಲೆ ಕೈಯಿಟ್ಟು, ನನ್ನ ಕೈ ಇಳಿದ ಹಾಗೆ ತಟ್ಟು. ಅವನು ತನ್ನ ಪಕ್ಕದವನಿಗೆ ತಟ್ತಾನೆ."

"ಕಿವುಡನ್ನ ಇಟ್ಕೊಳ್ತೀರಾ?" ಕಿಲಿಯಾನ್ ಕೇಳಿದ.

"ಶ್ರುತಿ ತಪ್ಪಿದ ದಿನ ಇಳಿ ಅಂತ ಹೇಳ್ತೀನಿ. ಹೇಳೋದೇನು, ಕೈಸನ್ನೆ ಮಾಡ್ತೀನಿ."

ಮೇಲೆ ಹತ್ತಿ ಬಂದವನಿಗೆ ಯೋಬ್ಸ್ಟ್ ಹೆಗಲು ಕೊಟ್ಟ, ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದ: "ಮೆಲ್ಲಗೆ ತಟ್ಟು. ಇದು ಹಂಡೆ ಅಲ್ಲ."

ಅವನು ಮನೆಗೆ ಬರುವಷ್ಟರಲ್ಲಿ ಸುದ್ದಿ ಊರ್ಸುಲಾಳಿಗೂ ತಲುಪಿತ್ತು. "ಸದ್ಯ, ಇನ್ನು ಊರೆಲ್ಲ ಈ ಕಿವಿಗೆ ಕಿರುಚಲಿ," ಎಂದು ಅವಳು ಅವನ ಮುಂದೆ ಬಿಸಿ ಬಿಯರ್ ಸಾರು ಇಟ್ಟಳು. "ನನ್ನ ಗಂಟಲಿಗೂ ರಜ ಬೇಕು."

ಕ್ರಿಸ್‌ಮಸ್ ಬೆಳಗಿನ ಜಾವ ಚರ್ಚಿನ ಬಾಗಿಲವರೆಗೂ ಜನ. ಗೆರ್ಲಾಖನ ಕೈ ಮೇಲೆದ್ದು ಇಳಿಯಿತು. ಎದುರು ಅಟ್ಟಣಿಗೆಯಲ್ಲಿ ಬಾಯಿಗಳು ತೆರೆದವು. ಕಿಲಿಯಾನನಿಗೆ ಏನೂ ಕೇಳಿಸಲಿಲ್ಲ. ಕೊರೆವ ಚಳಿಯಲ್ಲಿ ಅಷ್ಟೂ ಹಾಡುಗಾರರ ಉಸಿರು ಒಮ್ಮೆಗೇ ಬೆಳ್ಳಗೆ ಹೊರಬಂದು, ಮೇಣದ ಬತ್ತಿಗಳ ಬೆಳಕಿನಲ್ಲಿ ಹೊಂಬಣ್ಣಕ್ಕೆ ತಿರುಗಿ, ಚಾವಣಿಯತ್ತ ಏರತೊಡಗಿತು. ಅದು ಕರಗುವ ಮುಂಚೆ ಕೈ ಮತ್ತೆ ಇಳಿಯಿತು. ಅವನು ಯೋಬ್ಸ್ಟನ ಹೆಗಲು ತಟ್ಟಿ ಬಾಯಿ ತೆರೆದ. ಬಡಗಣದ ಉಸಿರೂ ಎದ್ದು, ಜನರ ತಲೆಗಳ ಮೇಲೆ, ನಟ್ಟನಡುವೆ, ತೆಂಕಣದ ಉಸಿರಿನ ಜೊತೆ ಬೆರೆಯಿತು.