ಗುಲಾಬಿ ಟೀಚರ್ ಸ್ಟೋರ್ ರೂಮು

ಭಾನುವಾರ ಅಮೆರಿಕದ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದ ಬೋರಲಿಂಗಯ್ಯನವರನ್ನು ಪಕ್ಕದ ಮೇಜಿನ ಮೈಸೂರಿನವರೊಬ್ಬರು, "ಸೊಸೆ ಎಲ್ಲಿ ಕೆಲಸ ಮಾಡ್ತಾರೆ?" ಎಂದು ಕೇಳಿದರು. ಬೋರಲಿಂಗಯ್ಯ ಬಾಯಿಯ ತುತ್ತು ನುಂಗಿ, ಗಂಟಲು ಸರಿಮಾಡಿಕೊಂಡು, "ಪ್ರೊಫೆಸರು" ಎಂದುಬಿಟ್ಟರು.

ಎದುರಿಗೆ ಕೂತಿದ್ದ ಸೊಸೆ ಅರ್ಪಿತಾ ತಲೆ ತಗ್ಗಿಸಿದಳು. ಅವಳು ಹತ್ತಿರದ ಮೆಟುಚೆನ್ ಊರಿನ ಒಂದು ಪ್ರೀಸ್ಕೂಲಿನಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಟೀಚರು. ಸೇರಿ ಇನ್ನೂ ಒಂದು ತಿಂಗಳಾಗಿರಲಿಲ್ಲ.

ಕಾರಿನಲ್ಲಿ ಅವಳೇ ಮಾತು ತೆಗೆದಳು. "ಯಾಕೆ ಮಾವ ಹಾಗಂದ್ರಿ?"

"ಮತ್ತೇನಂತ ಹೇಳ್ಲವ್ವ? ಎಂಜಿನಿಯರಿಂಗ್ ಓದಿರೋಳು. ಮಕ್ಕಳ ಮೂಗು ಒರೆಸೋಕೆ ಅಮೆರಿಕಕ್ಕೆ ಬರಬೇಕಾಗಿತ್ತಾ? ನಮ್ಮೂರಲ್ಲಿ ಆ ಕೆಲಸಕ್ಕೆ ಆಯಾ ಇರ್ತಾಳೆ."

"ಇಷ್ಟಪಟ್ಟು ಸೇರಿದ್ದು ಮಾವ. ನಿಮಗೆ ಹೇಳ್ಕೊಳ್ಳೋಕೆ ನಾಚಿಕೆಯಾದ್ರೆ ಬಿಟ್ಬಿಡ್ತೀನಿ, ಬಿಡಿ" ಎಂದಳು.

ಮಳವಳ್ಳಿ ತಾಲ್ಲೂಕಿನಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದ ಬೋರಲಿಂಗಯ್ಯ, ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. ಆಗೆಲ್ಲ ಅವರು ಶಾಲೆಯ ವರಾಂಡಕ್ಕೆ ಕಾಲಿಟ್ಟರೆ ಮುನ್ನೂರು ಮಕ್ಕಳೂ ಒಂಬತ್ತು ಮೇಷ್ಟ್ರುಗಳೂ ಒಟ್ಟಿಗೇ ಉಸಿರು ಬಿಗಿಹಿಡಿಯುತ್ತಿದ್ದರು. ಹಾಗಾಗಿ ಅದೇ ವಾರ ಅರ್ಪಿತಾಳ ಶಾಲೆಯ ಹಿರಿಯ ಟೀಚರ್, ಕರಾವಳಿ ಕಡೆಯ ಗುಲಾಬಿ, ಫೋನ್ ಮಾಡಿ, "ಶುಕ್ರವಾರ ನಮ್ಮ ಮಕ್ಕಳಿಗೆ ಒಂದು ಕಥೆ ಹೇಳ್ಲಿಕ್ಕೆ ಬರ್ತೀರಾ ಸರ್?" ಎಂದು ಕೇಳಿದಾಗ ಅವರಿಗೆ ನಗು ಬಂತು. ಹದಿನಾಲ್ಕು ಮಕ್ಕಳು ಒಂದು ಲೆಕ್ಕವೇ?

ಶುಕ್ರವಾರ ಕೋಟು ಹಾಕಿಕೊಂಡು ಹೋದರು. ಒಳಗೆ ಸಂತೆ ನೆರೆದಂತಿತ್ತು. ಬೋರಲಿಂಗಯ್ಯ ಬೆನ್ನು ನೆಟ್ಟಗೆ ಮಾಡಿ, ಹಳೆಯ ಗಂಟಲಿನಲ್ಲಿ, "ಸೈಲೆನ್ಸ್!" ಎಂದು ಗುಡುಗಿದರು.

ಒಂದು ಕ್ಷಣ ಇಡೀ ಕೋಣೆ ಸ್ತಬ್ಧವಾಯಿತು. ಮರುಕ್ಷಣವೇ ಮಕ್ಕಳೆಲ್ಲ ಮುಷ್ಟಿ ಎತ್ತಿ, "ಸೈಲೆನ್ಸ್!" ಎಂದು ಸೂರು ಹಾರುವಂತೆ ಕೂಗಿದವು. ಎಂಥ ಒಳ್ಳೆಯ ಆಟ! ಶ್ರಿಯಾ ಎಂಬ ಹುಡುಗಿ ಹತ್ತಿರ ಬಂದು ಅವರ ಮೀಸೆಯನ್ನೇ ನೋಡುತ್ತಾ, "ನೀವು ಕರಡಿಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇನ್ನೊಬ್ಬ ಅವರ ಬೂಟಿನ ಲೇಸು ಬಿಚ್ಚತೊಡಗಿದ. ನವನೀತ್ ಎಂಬ ಪುಟ್ಟವನು ಮಾತ್ರ ನಿಜವಾಗಿಯೂ ಹೆದರಿ, ಗೋಡೆಗೆ ಮುಖ ಮಾಡಿ ಬಿಕ್ಕತೊಡಗಿದ.

ಹೆಡ್‌ಮಾಸ್ಟರಿಗೆ ಬೆವರು ಕಿತ್ತುಬಂತು. ಗುಲಾಬಿ ಪಕ್ಕಕ್ಕೆ ಬಂದು ಮೆಲ್ಲಗೆ, "ಎಂತ ಸರ್, ಅಷ್ಟು ಎತ್ತರದಲ್ಲಿ ನಿಂತ್ರೆ ಮಕ್ಕಳಿಗೆ ನಿಮ್ಮ ಮೂಗಿನ ಹೊಳ್ಳೆ ಮಾತ್ರ ಕಾಣ್ತದೆ. ಕೂತ್ಕೊಳ್ಳಿ" ಎಂದರು.

ಅಲ್ಲಿದ್ದದ್ದು ಮೊಳದೆತ್ತರದ ಕುರ್ಚಿಗಳು. ಬೋರಲಿಂಗಯ್ಯ ಒಂದರೊಳಗೆ ಹೇಗೋ ತುರುಕಿಕೊಂಡು ನರಿಯ ಕಥೆ ಶುರುಮಾಡಿದರು. ಕಥೆಯ ನರಿ ಬಾವಿಗೆ ಬೀಳುವಾಗ ಅಭಿನಯಿಸಲು ಎದ್ದರೆ ಕುರ್ಚಿಯೂ ಅವರೊಂದಿಗೇ ಎದ್ದಿತು. ಮಕ್ಕಳು ನಕ್ಕು ನಕ್ಕು ಉರುಳಾಡಿದವು. ಕಥೆ ಅಲ್ಲಿಗೇ ನಿಂತಿತು.

ಆ ಗದ್ದಲದ ನಡುವೆಯೇ ಅವರು ಸೊಸೆಯನ್ನು ಕಂಡರು. ಅವಳು ನವನೀತನಿಗೆ ಅಳಬೇಡ ಎನ್ನಲಿಲ್ಲ, ಮುದ್ದಿಸಲೂ ಇಲ್ಲ. ಅವನ ಪಕ್ಕ ನೆಲದ ಮೇಲೆ ಕೂತು ಒಬ್ಬಳೇ ಮರದ ತುಂಡುಗಳನ್ನು ಜೋಡಿಸುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಹುಡುಗ ತಿರುಗಿದ. ಆಮೇಲೆ, ಮೂಗು ಸೊರಸೊರ ಎಳೆಯುತ್ತಲೇ, ಮೇಲೆ ಒಂದು ತುಂಡು ಇಟ್ಟ. ದೂರದಿಂದ ನೋಡುತ್ತಿದ್ದ ಗುಲಾಬಿ ಅರ್ಪಿತಾಳಿಗೆ ಒಮ್ಮೆ ತಲೆದೂಗಿದರು, ಅಷ್ಟೆ. ಅರ್ಪಿತಾಳ ಮುಖ ಅರಳಿತು.

ಮುಖ ತೊಳೆದುಕೊಳ್ಳಲು ಹೊರಟ ಬೋರಲಿಂಗಯ್ಯ ತಪ್ಪಿ ಸ್ಟೋರ್ ರೂಮಿನ ಬಾಗಿಲು ತೆಗೆದರು. ಬಣ್ಣದ ಡಬ್ಬಗಳ ನಡುವೆ ದೊಡ್ಡವರು ಕೂರುವಂಥ ಒಂದು ಕುರ್ಚಿ, ಒಂದು ಟಿಶ್ಯೂ ಪೆಟ್ಟಿಗೆ, ಒಂದು ಡಬ್ಬಿ ತುಂಬ ಚಕ್ಕುಲಿ.

"ಇದೇನಿದು?" ಎಂದರು, ಹಿಂದೆಯೇ ಬಂದ ಗುಲಾಬಿಯವರಿಗೆ.

"ಹೊಸ ಟೀಚರ್‌ಗಳಿಗೆ ಅಳ್ಲಿಕ್ಕೆ ಸರ್. ಮೊದಲ ವರ್ಷ ನಾನು ಇಲ್ಲೇ ಪೇಂಟ್ ಡಬ್ಬದ ಮೇಲೆ ಕೂತು ಅತ್ತದ್ದು. ಸೊಂಟ ಹಿಡ್ಕೊಂಡಿತು ಮಾರಾಯ್ರೆ! ಅದಕ್ಕೆ ಕುರ್ಚಿ ತಂದಿಟ್ಟೆ."

"ಅತ್ತ ಮೇಲೆ?"

"ಚಕ್ಕುಲಿ ತಿನ್ತಾ ಮಾತಾಡ್ತೇವೆ. ಮರುದಿನ ನಾನು ಹೋಗಿ ಅವರ ಕ್ಲಾಸಲ್ಲಿ ನೆಲದ ಮೇಲೆ ಕೂತಿರ್ತೇನೆ. ಎಂತ ಹೇಳುದಿಲ್ಲ. ಒಬ್ರು ಜೊತೆಗಿದ್ದಾರೆ ಅಂತ ಗೊತ್ತಾದ್ರೆ ಅವರಿಗೇ ದಾರಿ ಕಾಣ್ತದೆ."

ಬೋರಲಿಂಗಯ್ಯ ತಡೆದು ಕೇಳಿದರು. "ನಮ್ ಅರ್ಪಿತಾ?"

"ಮೊದಲ ವಾರ ಎರಡು ಸಲ. ಆಮೇಲೆ ಚಕ್ಕುಲಿಗೆ ಮಾತ್ರ ಬರ್ತಿದ್ಲು." ಗುಲಾಬಿ ಚಕ್ಕುಲಿಯ ಡಬ್ಬಿ ಕೈಗೆತ್ತಿಕೊಂಡು ಹೇಳಿದರು. "ಮೊನ್ನೆ ಸೋಮವಾರ ಮತ್ತೆ ಅತ್ಲು. ಅದು ಮಕ್ಕಳಿಂದ ಅಲ್ಲ ಸರ್."

ಅವರು ಡಬ್ಬಿ ಮುಂದೆ ಹಿಡಿದರು. ಬೋರಲಿಂಗಯ್ಯ ಒಂದು ಚಕ್ಕುಲಿ ತೆಗೆದುಕೊಂಡು ಆ ಕುರ್ಚಿಯ ಮೇಲೆ ಕೂತರು.

ನೆನಪಾದವಳು ಜವರಮ್ಮ. ಆಗ ಇಪ್ಪತ್ತೆರಡು ವರ್ಷದ ಹುಡುಗಿ, ಅವರ ಶಾಲೆಯ ಒಂದನೇ ತರಗತಿಗೆ ಹೊಸ ಟೀಚರಾಗಿ ಬಂದಿದ್ದಳು. ಮಕ್ಕಳ ಜೊತೆ ಕುಣಿದು ಹಾಡುತ್ತಿದ್ದಳೆಂದು ಇವರು ಕಾರಣ ಕೇಳಿ ಮೆಮೊ ಕೊಟ್ಟಿದ್ದರು. ಕಣ್ಣು ತುಂಬಿಕೊಂಡು ನಿಂತವಳನ್ನು ಕೂರು ಎಂದೂ ಅಂದಿರಲಿಲ್ಲ. ಆಮೇಲೆ ಆ ತರಗತಿಯಲ್ಲಿ ಹಾಡು ಕೇಳಲೇ ಇಲ್ಲ. ಅದನ್ನು ತಮ್ಮ ಶಿಸ್ತೆಂದೇ ಅವರು ಇಷ್ಟು ವರ್ಷ ಎಣಿಸಿದ್ದರು.

ಮನೆಗೆ ಹೊರಟಾಗ ಕಾರಿನಲ್ಲಿ ಅವರೇ ಬಾಯಿ ಬಿಟ್ಟರು. "ನಾ ಅವತ್ತು ಹಂಗೆ ಹೇಳಿದ್ದು ತಪ್ಪು ಕಣವ್ವ. ಸೋಮವಾರ ಎಷ್ಟು ಗಂಟೆಗೆ ಹೋಗ್ಬೇಕು ನೀನು?"

ಅರ್ಪಿತಾ ಅವರತ್ತ ನೋಡಿದಳು. "ಏಳೂವರೆಗೆ ಮಾವ."

"ನಾನೂ ಬತ್ತೀನಿ. ನರಿ ಇನ್ನೂ ಬಾವೀಲೇ ಅದೆ."

ಶನಿವಾರ ಬೆಳಿಗ್ಗೆ ಎದ್ದವರೇ ಊರಿನ ನಾಲ್ಕು ಜನಕ್ಕೆ ಫೋನ್ ಮಾಡಿ ಜವರಮ್ಮನ ನಂಬರು ಹುಡುಕಿದರು. ಅವಳೂ ಈಗ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ. ಇವರ ದನಿ ಕೇಳಿದ್ದೇ, "ಸಾರ್... ಏನ್ ತಪ್ಪಾಯ್ತು ಸಾರ್?" ಎಂದು ಗಾಬರಿಯಾದಳು.

"ತಪ್ಪು ನಂದೇ ಕಣವ್ವ. ಅವತ್ತು ನಿನಗೆ ಮೆಮೊ ಕೊಡಬಾರದಿತ್ತು." ಬೋರಲಿಂಗಯ್ಯ ಅವಸರದಿಂದ ಮುಂದುವರಿಸಿದರು. "ನಮ್ ಸೊಸೆ ಇಲ್ಲಿ ಸಣ್ಣ ಮಕ್ಕಳ ಟೀಚರು. ಬಲು ಚೆಂದಾಗಿ ಮಾಡ್ತಾಳೆ. ಸೋಮವಾರ ನಾನೂ ಹೋಗ್ಬೇಕು. ಮಕ್ಕಳನ್ನ ಸುಮ್ಮನಿರಿಸೋದು ಹೆಂಗೆ, ಸ್ವಲ್ಪ ಹೇಳ್ಕೊಡವ್ವ."

"ಸುಮ್ಮನೆ ಯಾಕಿರ್ಬೇಕು ಸಾರ್?" ಜವರಮ್ಮ ನಕ್ಕುಬಿಟ್ಟಳು. "ಅವತ್ತಿನ ಹಾಡೇ ಹೇಳ್ಕೊಡ್ತೀನಿ. ನಾನು ಹೇಳಿದ ಮೇಲೆ ಹೇಳಿ."

ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದ ಅರ್ಪಿತಾ ಕೈ ನಿಲ್ಲಿಸಿ ಕೇಳಿದಳು. ಮಾವ ಕಣ್ಣು ಮುಚ್ಚಿ, ಮೇಜಿನ ಮೇಲೆ ತಾಳ ಹಾಕುತ್ತಾ, ಕಪ್ಪೆಗಳ ಮದುವೆಯ ಹಾಡನ್ನು ಎಮ್ಮೆಯ ದನಿಯಲ್ಲಿ ಹಾಡುತ್ತಿದ್ದರು.

"ತಪ್ಪು ಸಾರ್," ಎಂದಿತು ಫೋನು. "ಇನ್ನೊಂದು ಸಲ. ಎದ್ದು ನಿಂತ್ಕೊಂಡು, ಕುಣೀತಾ."

ಬೋರಲಿಂಗಯ್ಯ ಪಂಚೆ ಎತ್ತಿ ಕಟ್ಟಿ ಎದ್ದು ನಿಂತರು.